ರೀಮ್ಯಾಪ್ ಆದ್ಮೇಲೆ ಘಾಟಿಯಲ್ಲಿ ಟ್ರೈಲರ್ ಎಳೀತಿಲ್ಲ, ಸಹಾಯ ಬೇಕು

2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್. ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ರೀಮ್ಯಾಪ್ ಆಗಿದೆ, ಅಂದ್ರೆ ಅದರೊಳಗಿನ ಮ್ಯಾಪ್ (ಡೀಸೆಲ್ ಎಷ್ಟು ಬಿಡಬೇಕು ಅನ್ನೋ ಸೆಟ್ಟಿಂಗ್) ಬದಲಾಯಿಸಿದೆ, ಕ್ಲಚ್ ಮಾತ್ರ ಹಳೇದೇ. ಖಾಲಿ ಗಾಡಿ ಹಾಸನ–ಸಕಲೇಶಪುರ ಚೆನ್ನಾಗೇ ಓಡುತ್ತೆ. ಟ್ರೈಲರ್ ಕಟ್ಟಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿದರೆ ತೊಂದರೆ. ಮೂರನೇ ಗೇರಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ 2,000ದಿಂದ 2,500ಕ್ಕೆ ಹಾರುತ್ತೆ, ವೇಗ ಏರಲ್ಲ, ಸುಟ್ಟ ವಾಸನೆ ಬೇರೆ. ಅಂದ್ರೆ ಕ್ಲಚ್ ಜಾರ್ತಿದೆ, ಅದರಲ್ಲಿ ಅನುಮಾನ ಇಲ್ಲ.

ಗೊಂದಲ ಮುಂದಿನದು. ಸ್ವಲ್ಪ ದೂರ ಹತ್ತಿದ ಮೇಲೆ ಕಪ್ಪು ಹೊಗೆ, ಟೆಂಪರೇಚರ್ ಮುಳ್ಳು ಮೇಲಕ್ಕೆ, ಆಗ ಆರ್‌ಪಿಎಂ ಕೂಡ ಬೀಳುತ್ತೆ. ಬರೀ ಕ್ಲಚ್ ಜಾರಿದರೆ ಹೀಗಾಗಲ್ಲ, ಮ್ಯಾಪ್‌ನಲ್ಲಿ ಡೀಸೆಲ್ ಜಾಸ್ತಿ ಆಗಿರಬಹುದಾ ಅಂತ ಅನುಮಾನ.

ಏರ್ ಫಿಲ್ಟರ್ ಹೊಸದು, ಇಂಟರ್‌ಕೂಲರ್ (ಟರ್ಬೊದಿಂದ ಬರೋ ಗಾಳಿ ತಣಿಸೋದು) ಹೋಸ್, ಕ್ಲ್ಯಾಂಪ್ ಬಿಗಿ ಇವೆ, ರೇಡಿಯೇಟರ್ ಕೆಸರು ತೊಳೆದಾಯ್ತು, ಕ್ಲಚ್ ಪೆಡಲ್ ಫ್ರೀ ಪ್ಲೇ (ಒತ್ತಿದಾಗ ಮೊದಲಿಗೆ ಇರೋ ಸಡಿಲ) ಸರಿ ಇದೆ.

ಮೊದಲು ಹೆವಿ ಡ್ಯೂಟಿ ಕ್ಲಚ್ ಹಾಕಿಸಬೇಕಾ, ಇಲ್ಲಾ ಕಡಿಮೆ ಆರ್‌ಪಿಎಂನಲ್ಲಿ ಡೀಸೆಲ್ ಪ್ರಮಾಣ ಕಡಿಮೆ ಮಾಡಿ ಲೋಡಿಗೆ ತಕ್ಕ ಮ್ಯಾಪ್ ಬರೆಸಬೇಕಾ? ಘಾಟಿಯಲ್ಲಿ ಎಳೆಸಿ ನೋಡಿದವರು ದಯವಿಟ್ಟು ಹೇಳಿ.