ಯುವ ಸೂಪರ್‌ನೋವಾ ಅವಶೇಷಗಳಲ್ಲಿ ಟೈಟಾನಿಯಂ-44 ಅನ್ನೇ ಹುಡುಕುವುದೇಕೆ?

ಪ್ರಶ್ನೆ: ನಕ್ಷತ್ರ ಸಿಡಿಯುವ ಸೂಪರ್‌ನೋವಾ ಸ್ಫೋಟದಲ್ಲಿ ಹಲವು ವಿಕಿರಣಶೀಲ ಧಾತುಗಳು ಹುಟ್ಟುತ್ತವೆ ಎಂದು ಓದಿದ್ದೇನೆ. ಹಾಗಿದ್ದೂ ಕೆಲವೇ ನೂರು ವರ್ಷ ವಯಸ್ಸಿನ ಅವಶೇಷಗಳಲ್ಲಿ ಟೈಟಾನಿಯಂ-44ರ ವಿಕಿರಣವನ್ನೇ ಹುಡುಕುವುದೇಕೆ? ಅದು ಎಲ್ಲೆಲ್ಲಿ ಸಿಕ್ಕಿದೆ?

ಉತ್ತರ 1: ಇದು ಅರ್ಧಾಯುವಿನ, ಅಂದರೆ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲದ, ಲೆಕ್ಕ. ನಿಕಲ್-56ರ ಅರ್ಧಾಯು ಸುಮಾರು 6 ದಿನ, ಅದರಿಂದ ಹುಟ್ಟುವ ಕೋಬಾಲ್ಟ್-56ರದು 77 ದಿನ. ಇವೆರಡೂ ಬೇಗನೆ ಕ್ಷಯಿಸಿಬಿಡುತ್ತವೆ. ಅಲ್ಯುಮಿನಿಯಂ-26 ಸುಮಾರು 7 ಲಕ್ಷ ವರ್ಷ ಉಳಿಯುವುದರಿಂದ, ಅಸಂಖ್ಯ ನಕ್ಷತ್ರಗಳಿಂದ ಬಂದ ಅದು ಆಕಾಶಗಂಗೆಯ ತುಂಬ ಬೆರೆತುಹೋಗಿರುತ್ತದೆ. ಸುಮಾರು 60 ವರ್ಷ ಅರ್ಧಾಯುವಿನ ಟೈಟಾನಿಯಂ-44 ಮಾತ್ರ ಇಂಥದೇ ಸ್ಫೋಟದ್ದೆಂದು ಗುರುತಿಸುವಂತೆ ಉಳಿದಿರುತ್ತದೆ. ಅದು 68 ಮತ್ತು 78 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ ಎರಡು ರೇಖೆಗಳನ್ನು, ಅಂದರೆ ನಿಗದಿತ ಶಕ್ತಿಯ ಕಿರಣಗಳನ್ನು, ಹೊಮ್ಮಿಸಿ ಸ್ಕ್ಯಾಂಡಿಯಂ-44 ಆಗುತ್ತದೆ. ಆ ಸ್ಕ್ಯಾಂಡಿಯಂ ಕೆಲವೇ ಗಂಟೆಗಳಲ್ಲಿ 1157 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ರೇಖೆಯೊಂದಿಗೆ ಕ್ಯಾಲ್ಸಿಯಂ-44 ಆಗುತ್ತದೆ.

ಉತ್ತರ 2: ಸಿಕ್ಕಿರುವ ಕಡೆಗಳು ತೀರಾ ಕಡಿಮೆ. ಕ್ಯಾಸಿಯೋಪಿಯಾ ಎ ಅವಶೇಷದಲ್ಲಿ ಕಾಂಪ್ಟನ್ ಗಾಮಾ ಕಿರಣ ಉಪಗ್ರಹದ ಕಾಂಪ್ಟೆಲ್ ಉಪಕರಣವು 1157ರ ರೇಖೆಯನ್ನು ಕಂಡದ್ದು 1994ರಲ್ಲಿ ಪ್ರಕಟವಾಯಿತು. ಸುಮಾರು 350 ವರ್ಷಗಳಲ್ಲಿ ಅಲ್ಲಿನ ಟೈಟಾನಿಯಂ ಅರುವತ್ತರಲ್ಲಿ ಒಂದು ಪಾಲಿಗೆ ಇಳಿದಿದ್ದರೂ, 2012ರಲ್ಲಿ ಹಾರಿದ ನೂಸ್ಟಾರ್ ಎಕ್ಸ್-ಕಿರಣ ಬಾಹ್ಯಾಕಾಶ ದೂರದರ್ಶಕವು ಅದರ ನಕ್ಷೆಯನ್ನೇ ಬಿಡಿಸಿತು. ಗಂಟುಗಂಟಾಗಿ, ಒಂದೇ ಸಮನಲ್ಲದೆ ಚದುರಿದ್ದ ಆ ಚಿತ್ರವು ಸ್ಫೋಟವು ಗೋಳಾಕಾರವಾಗಿರಲಿಲ್ಲ ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ನೇರವಾದ ಸಾಕ್ಷ್ಯ. 1987ಎ ಸೂಪರ್‌ನೋವಾದಲ್ಲೂ ಈ ರೇಖೆಗಳು ಕಂಡಿವೆ; ಅಲ್ಲಿ ಅವು ಕೆಂಪಿನತ್ತ, ಅಂದರೆ ಕಡಿಮೆ ಶಕ್ತಿಯತ್ತ, ಸರಿದಿರುವುದರಿಂದ, ಟೈಟಾನಿಯಂನ ಹೆಚ್ಚಿನ ಪಾಲು ನಮ್ಮಿಂದ ದೂರ ಧಾವಿಸುತ್ತಿದೆ ಎಂದು ತಿಳಿಯುತ್ತದೆ.

ಉತ್ತರ 3: ಒಂದು ತಾಂತ್ರಿಕ ಅಂಶವನ್ನು ಸೇರಿಸುತ್ತೇನೆ. ನೂಸ್ಟಾರ್‌ನ ಕನ್ನಡಿಗಳ ಲೇಪನದಲ್ಲಿ ಪ್ಲಾಟಿನಂ ಇದೆ, ಮತ್ತು ಪ್ಲಾಟಿನಂ 78.4 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚಿನ ಶಕ್ತಿಯ ಕಿರಣಗಳನ್ನು ತೀವ್ರವಾಗಿ ಹೀರಿಕೊಳ್ಳುತ್ತದೆ. ಎರಡನೆಯ ರೇಖೆ ಸರಿಯಾಗಿ ಆ ಅಂಚಿನಲ್ಲೇ ಬೀಳುವುದರಿಂದ, ನಮ್ಮತ್ತ ಬರುತ್ತಿರುವ, ಹಾಗಾಗಿ ರೇಖೆಗಳು ಹೆಚ್ಚಿನ ಶಕ್ತಿಯತ್ತ ಸರಿಯುವ ದ್ರವ್ಯದ ವಿಷಯದಲ್ಲಿ 68ರ ರೇಖೆಯನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ.