ಸಹಾಯ ಬೇಕು: ನೀರು ಬದಲಿಸಿದ ಮರುದಿನವೇ ಮೊಲ್ಲಿ ಮೀನುಗಳು ಸಾಯುತ್ತಿವೆ

ಟ್ಯಾಂಕ್ 100 ಲೀಟರ್, ಸ್ಪಾಂಜ್ ಫಿಲ್ಟರ್, 26 ಡಿಗ್ರಿ. ಮೊಲ್ಲಿ, ಪ್ಲಾಟಿ ಇವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ. ಬೋರ್‌ವೆಲ್ ನೀರು, ಕ್ಲೋರಿನ್ ಇಲ್ಲ. ಹನಿ ಹಾಕಿ ನೋಡುವ ಕಿಟ್‌ನಲ್ಲಿ ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 20 ಪಿಪಿಎಂ.

ಆದರೂ ಹೊಸ ನೀರು ಬಿಟ್ಟ ಸ್ವಲ್ಪ ಹೊತ್ತಿಗೇ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಕಿವಿರು ಬೇಗ ಬೇಗ ಬಡಿಯುತ್ತದೆ. ಗಾಜಿನ ಮೇಲೂ ಮೊಲ್ಲಿಯ ಬೆನ್ನಿನ ರೆಕ್ಕೆಯ ಮೇಲೂ ಸಾಸಿವೆಗಿಂತ ಚಿಕ್ಕ ಗಾಳಿಗುಳ್ಳೆಗಳು ಅಂಟಿರುತ್ತವೆ. ಬೆಳಗ್ಗೆ ಒಂದೆರಡು ಸತ್ತಿರುತ್ತವೆ. ಬಿಳಿ ಚುಕ್ಕೆ ಇಲ್ಲ, ರೆಕ್ಕೆ ಕೊಳೆತಿಲ್ಲ. ಬಸವನಹುಳುಗಳಿಗೆ ತಾಮ್ರ ಬೇಗ ವಿಷವಾಗುತ್ತದೆ, ಆದರೆ ಅವು ಆರಾಮಾಗಿವೆ, ಹಾಗಾಗಿ ತಾಮ್ರದ ಮೇಲೆ ಅನುಮಾನ ಕಡಿಮೆ.

ಮುಖ್ಯ ಸುಳಿವು ಇದು: ನಲ್ಲಿಯಿಂದ ಹಿಡಿದ ತಕ್ಷಣ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟು ಆಮ್ಲ ಹೆಚ್ಚು) 6.8, ಅದೇ ನೀರಿಗೆ ಬಕೆಟ್‌ನಲ್ಲಿ 24 ಗಂಟೆ ಏರ್‌ಸ್ಟೋನ್‌ನಿಂದ (ಗಾಳಿಗುಳ್ಳೆ ಬಿಡುವ ಕಲ್ಲು) ಗಾಳಿ ಬಿಟ್ಟರೆ 8. ಟ್ಯಾಂಕ್‌ನಲ್ಲೂ 8. ಅಂದರೆ ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಾ ಕರಗಿದೆ, ಅದು ಪಿಎಚ್ ಇಳಿಸುತ್ತದೆ, ಗಾಳಿ ಬಿಟ್ಟಾಗ ಹೊರಹೋಗುತ್ತದೆ. ಹಾಗಾಗಿ ಮೀನಿನ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಿವಿರಿನಿಂದ ಹೊರಬೀಳುತ್ತಿಲ್ಲ ಅನಿಸುತ್ತದೆ. ಗುಳ್ಳೆ ನೋಡಿದರೆ ಬೇರೆ ಅನಿಲಗಳೂ ಹೆಚ್ಚಿರಬಹುದು.

ಬೋರ್‌ವೆಲ್ ನೀರು ಬಳಸುವವರೇ, ಡ್ರಮ್‌ನಲ್ಲಿ ಒಂದು ರಾತ್ರಿ ಗಾಳಿ ಬಿಟ್ಟರೆ ಸಾಕಾ? ಬದಲಾವಣೆಯನ್ನು 10 ಶೇಕಡಾಕ್ಕೆ ಇಳಿಸಲಾ? ಮೆಥಿಲೀನ್ ಬ್ಲೂ (ಮೀನಿನ ರೋಗಕ್ಕೆ ಹಾಕುವ ನೀಲಿ ಔಷಧಿ) ಮಾತ್ರ ದಯವಿಟ್ಟು ಹೇಳಬೇಡಿ, ಫಿಲ್ಟರ್‌ನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸತ್ತರೆ ಅಮೋನಿಯಾ ಏರುತ್ತದೆ, ಪಿಎಚ್ 8ರಲ್ಲಿ ಅದು ಇನ್ನೂ ವಿಷ.