ಗ್ರಂಥಪಾಲಕಿಯನ್ನು ಕೇಳಿ: ಆಟಿಸಂ ಇರುವ ಓದುಗರು ಮತ್ತು ನಮ್ಮ ಗ್ರಂಥಾಲಯಗಳು

ಈ ವಾರ ಗುಂಪಿನ ಸದಸ್ಯರಿಂದ ಆಟಿಸಂ (ಮಾತು, ಒಡನಾಟ, ಸದ್ದು-ಬೆಳಕುಗಳಿಗೆ ಸ್ಪಂದಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಮತ್ತು ಗ್ರಂಥಾಲಯದ ಬಗ್ಗೆ ಪ್ರಶ್ನೆಗಳನ್ನು ಕೇಳಿದ್ದೆವು. ಉತ್ತರಿಸುತ್ತಿರುವವರು ಜಿಲ್ಲಾ ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ (ಏಳು ವರ್ಷದ ಹುಡುಗನ ತಾಯಿ): ಮೇಡಂ, ನನ್ನ ಮಗನಿಗೆ ಆಟಿಸಂ ಇದೆ. ಮಾತು ಕಡಿಮೆ. ಆದರೆ ಶಾಲೆಗೆ ಸೇರುವ ಮೊದಲೇ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲ ಓದುತ್ತಿದ್ದ. ಹತ್ತಿರದ ಗ್ರಂಥಾಲಯಕ್ಕೆ ಕರೆದುಕೊಂಡು ಹೋದರೆ ಸ್ವಲ್ಪ ಹೊತ್ತಿಗೇ ಕಿವಿ ಮುಚ್ಚಿಕೊಂಡು ಗುನುಗಲು ಶುರು ಮಾಡಿದ. "ಸುಮ್ಮನಿರಿಸಿ, ಇಲ್ಲವೇ ಹೊರಗೆ ಕರೆದುಕೊಂಡು ಹೋಗಿ" ಎಂದರು. ಮತ್ತೆ ಹೋಗುವ ಧೈರ್ಯ ಬಂದಿಲ್ಲ.

ಉತ್ತರ: ಅಮ್ಮ, ಅವನು ಗುನುಗುತ್ತಿದ್ದದ್ದು ಗದ್ದಲದಿಂದ ತಪ್ಪಿಸಿಕೊಳ್ಳಲು. ನಮ್ಮ ಗ್ರಂಥಾಲಯಗಳು ನಿಶ್ಶಬ್ದವಾಗಿವೆ ಎಂದು ನಾವು ನಂಬಿಕೊಂಡಿದ್ದೇವೆ, ಅಷ್ಟೇ. ಒಮ್ಮೆ ಕಣ್ಣು ಮುಚ್ಚಿ ಕುಳಿತು ಕೇಳಿ. ಕಬ್ಬಿಣದ ಬೀರುವಿನ ಬಾಗಿಲು ಕಿರುಗುಟ್ಟುತ್ತದೆ. ಕೌಂಟರಿನಲ್ಲಿ ದಿನಾಂಕದ ಮೊಹರು ದಪ್ಪೆಂದು ಬೀಳುತ್ತದೆ. ಫ್ಯಾನಿನ ಗಾಳಿಗೆ ಪತ್ರಿಕೆಗಳು ಪಟಪಟ ಎನ್ನುತ್ತವೆ, ನಡುವೆ ಯಾರದೋ ಮೊಬೈಲ್ ಹಾಡಲು ತೊಡಗುತ್ತದೆ. ನಮಗೆ ರೂಢಿಯಾಗಿ ಇವು ಕೇಳಿಸುವುದೇ ಇಲ್ಲ. ಅವನಿಗೆ ಎಲ್ಲವೂ ಒಂದೇ ಜೋರಿನಲ್ಲಿ ಕೇಳಿಸುತ್ತಿರಬಹುದು. ಅದರಲ್ಲೂ ಯಾವಾಗ ಬಂದೆರಗುತ್ತದೆಂದು ತಿಳಿಯದ ಸದ್ದೇ ಹೆಚ್ಚು ಹಿಂಸೆ. ತನ್ನದೇ ಗುನುಗಾದರೆ ಅವನ ಹಿಡಿತದಲ್ಲಿರುತ್ತದೆ. ಇದನ್ನು ಹಟ ಎನ್ನುವವರಿಗೆ ಒಂದು ಮಾತು ಹೇಳಿ: ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ವೈದ್ಯರು ಇಂಥ ಸ್ಥಿತಿಗಳನ್ನು ಗುರುತಿಸಲು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ, ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆ ಸ್ಪಂದಿಸುವುದು ಆಟಿಸಂನ ಲಕ್ಷಣಗಳ ಪಟ್ಟಿಯಲ್ಲೇ ಸೇರಿದೆ.

ಮೊದಲು ನೀವೊಬ್ಬರೇ ಹೋಗಿ ಬನ್ನಿ. ಬೆಳಿಗ್ಗೆ ಪತ್ರಿಕೆ ಓದುವವರ ಸಂತೆ, ಸಂಜೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪೈಪೋಟಿ. ನಡುವೆ ಖಾಲಿ ಇರುವ ಹೊತ್ತು ಯಾವುದೆಂದು ಅಲ್ಲಿನವರನ್ನೇ ಕೇಳಿ. ಅನುಮತಿ ಪಡೆದು ಮೊಬೈಲಿನಲ್ಲಿ ಕೆಲವು ಚಿತ್ರ ತೆಗೆದುಕೊಳ್ಳಿ. ಗೇಟು, ಚಪ್ಪಲಿ ಬಿಡುವ ಜಾಗ, ಸಹಿ ಮಾಡುವ ರಿಜಿಸ್ಟರು, ಮಕ್ಕಳ ಪುಸ್ತಕದ ಕಪಾಟು, ಹೊರಗೆ ಹೋಗುವ ಬಾಗಿಲು. ಒಂದೊಂದರ ಕೆಳಗೆ ಒಂದೊಂದು ಸಾಲು ಬರೆಯಿರಿ: "ಇಲ್ಲಿ ಚಪ್ಪಲಿ ಬಿಡುತ್ತೇವೆ. ಇಲ್ಲಿ ಅಮ್ಮ ಸಹಿ ಮಾಡುತ್ತಾಳೆ. ಇಲ್ಲಿ ಫ್ಯಾನ್ ಸದ್ದು ಮಾಡುತ್ತದೆ, ಹೆಡ್‌ಫೋನ್ ಹಾಕಿಕೊಳ್ಳಬಹುದು. ಸಾಕೆನಿಸಿದರೆ ಈ ಬಾಗಿಲಿನಿಂದ ಹೊರಗೆ ಹೋಗುತ್ತೇವೆ." ಓದುವ ಹುಡುಗನಾದ್ದರಿಂದ ಇದು ಅವನಿಗೆ ಬೇಗ ಹಿಡಿಸುತ್ತದೆ. ಕ್ಯಾರಲ್ ಗ್ರೇ ಎಂಬ ಅಮೆರಿಕದ ಶಿಕ್ಷಕಿ 1990ರ ದಶಕದಲ್ಲಿ 'ಸೋಷಿಯಲ್ ಸ್ಟೋರಿ' ಎಂಬ ಹೆಸರಿನಲ್ಲಿ ಬಳಕೆಗೆ ತಂದ ಕ್ರಮ ಇದಕ್ಕೆ ಮೂಲ. "ಗಲಾಟೆ ಮಾಡಬಾರದು" ಎಂಬ ಸಾಲನ್ನು ಮಾತ್ರ ಸೇರಿಸಬೇಡಿ. ಏನು ನಡೆಯುತ್ತದೆ ಎಂದು ತಿಳಿಸುವುದಷ್ಟೇ ಅದರ ಕೆಲಸ, ಉಪದೇಶವಲ್ಲ.

ಮೊದಲ ಸಲ ಹತ್ತು ನಿಮಿಷ ಇದ್ದು ಎದ್ದು ಬಂದರೂ ಸಾಕು.

ಅದೇ ತಾಯಿ: ಧನ್ಯವಾದ ಮೇಡಂ. ಇನ್ನೊಂದು ವಿಷಯ. ಅವನು ಓದುತ್ತಾನೆ, ಆದರೆ ಅರ್ಥ ಆಗುವುದಿಲ್ಲ ಎನ್ನುತ್ತಾರೆ ಟೀಚರ್. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳುತ್ತಾನೆ, ಅದೂ ರೈಲಿನ ಪುಸ್ತಕ. ಕಥೆ ಪುಸ್ತಕ ಮುಟ್ಟುವುದಿಲ್ಲ.

ಉತ್ತರ: ಅರ್ಥಕ್ಕಿಂತ ಅಕ್ಷರ ಮುಂದೆ ಓಡುವುದಕ್ಕೆ ಹೈಪರ್‌ಲೆಕ್ಸಿಯಾ ಎಂಬ ಹೆಸರು 1967ರಿಂದಲೇ ಇದೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಕಾಣುತ್ತದೆ. ಅಕ್ಷರ ಕೈಗೆ ಸಿಕ್ಕಿದೆಯಲ್ಲ, ಅದರ ಬೆನ್ನು ಹತ್ತಿಯೇ ಅರ್ಥಕ್ಕೆ ಹೋಗಿ. "ಬಾ" ಎಂದು ಕರೆಯುವ ಬದಲು ಚೀಟಿಯಲ್ಲಿ ಬರೆದು ತೋರಿಸಿ ನೋಡಿ. ರೈಲಿನ ಪುಸ್ತಕದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದೇ ಪುಸ್ತಕವನ್ನು ಎಷ್ಟು ಸಲ ಬೇಕಾದರೂ ನವೀಕರಿಸಿಕೊಳ್ಳಲಿ, ಬೇರೆ ಯಾರೂ ಕಾಯ್ದಿರಿಸಿಲ್ಲವಾದರೆ. ಕಾದಂಬರಿ ಓದಿದವನೇ ಓದುಗ ಎಂಬ ಜಂಬ ನಮ್ಮ ವೃತ್ತಿಯವರಲ್ಲಿ ಸ್ವಲ್ಪ ಹೆಚ್ಚೇ ಇದೆ. ವೇಳಾಪಟ್ಟಿ, ಭೂಪಟ, ವಿಶ್ವಕೋಶ ಓದುವವರೂ ಓದುಗರೇ.

ಪ್ರಶ್ನೆ (ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕಿ): ಮೇಡಂ, ರಾಜ್ಯ ಸರ್ಕಾರದ 2020ರ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಮೇಲೆ ನಮ್ಮಲ್ಲಿ ಮಕ್ಕಳು ತುಂಬ ಬರುತ್ತಾರೆ. ಅವರಲ್ಲಿ ಇಬ್ಬರಿಗೆ ಆಟಿಸಂ ಇದೆ. ನನ್ನದು ಒಂದೇ ಕೋಣೆ. ಅನುದಾನ ಅಷ್ಟಕ್ಕಷ್ಟೆ. ವಿದೇಶದ ಗ್ರಂಥಾಲಯಗಳ ವಿಡಿಯೊಗಳಲ್ಲಿ ಮೆತ್ತನೆಯ ಕೋಣೆ, ಬಣ್ಣದ ದೀಪ ಎಲ್ಲ ತೋರಿಸುತ್ತಾರೆ. ನಾನೇನು ಮಾಡಲಿ?

ಉತ್ತರ: ಆ ವಿಡಿಯೊಗಳನ್ನು ಸದ್ಯಕ್ಕೆ ಮರೆತುಬಿಡಿ. ಮೊದಲು ನಿಮ್ಮ ಟ್ಯೂಬ್‌ಲೈಟ್ ನೋಡಿ. ಹಳೆಯ ಚೋಕ್ ಇರುವ ಟ್ಯೂಬು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಜೊತೆಗೆ ಗುಂಯ್ ಎನ್ನುತ್ತದೆ. ಹೆಚ್ಚಿನವರಿಗೆ ಎರಡೂ ಗೊತ್ತಾಗುವುದಿಲ್ಲ. ಕೆಲವರಿಗೆ ಆ ಬೆಳಕಿನ ಕೆಳಗೆ ಓದುವುದೇ ಆಗುವುದಿಲ್ಲ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿದರೆ ಮಿನುಗುವುದು ನಿಮಗೂ ಕಾಣುತ್ತದೆ. ಒಳ್ಳೆಯ ಎಲ್ಇಡಿ ಹಾಕಿಸಿ. ಅದು ಬರುವ ತನಕ ಕಿಟಕಿಯ ಪಕ್ಕದ ಟ್ಯೂಬನ್ನು ಹಗಲು ಆರಿಸಿಡಿ. ಬೀರುವಿನ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡಿ. ಮೊಹರಿನ ಕೆಳಗೆ ಬಟ್ಟೆ ಮಡಿಸಿ ಹಾಕಿ.

ಆಮೇಲೆ ಒಂದು ಮೂಲೆ. ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು ಕಾಣುವಂತೆ ಒಂದು ಚಾಪೆ, ಪಕ್ಕಕ್ಕೆ ಒಂದು ಕಪಾಟು ಅಡ್ಡ ಇಟ್ಟರೆ ಆಯಿತು. ಹಿಂದಿನಿಂದ ಯಾರೂ ಓಡಾಡದ ಜಾಗವಾಗಿರಬೇಕು. ಅದಕ್ಕೆ "ವಿಶೇಷ ಮಕ್ಕಳ ಮೂಲೆ" ಎಂದು ಬೋರ್ಡು ಮಾತ್ರ ಹಾಕಬೇಡಿ. ಅದು ಯಾರಿಗೆ ಬೇಕೋ ಅವರ ಮೂಲೆಯಾಗಿರಲಿ. ಜ್ವರದಿಂದ ಎದ್ದ ಮಗು, ಅವತ್ತು ಅಪ್ಪನ ಹತ್ತಿರ ಬೈಸಿಕೊಂಡು ಬಂದ ಮಗು, ಅವರೂ ಅಲ್ಲಿ ಕೂರುತ್ತಾರೆ.

ಇವೆಲ್ಲಕ್ಕಿಂತ ಮುಖ್ಯವಾದದ್ದಕ್ಕೆ ದುಡ್ಡೇ ಬೇಡ: ಇದ್ದದ್ದು ಇದ್ದಲ್ಲೇ ಇರಲಿ, ಬದಲಾದರೆ ಮೊದಲೇ ತಿಳಿಸಿ. ಗ್ರಂಥಾಲಯ ಆಟಿಸಂ ಇರುವವರಿಗೆ ಸಹಜವಾಗಿಯೇ ಒಗ್ಗುವ ಜಾಗ. ಎಲ್ಲಕ್ಕೂ ಕ್ರಮಸಂಖ್ಯೆ ಇದೆ, ಎಲ್ಲಕ್ಕೂ ಜಾಗ ಇದೆ, ಮಾತನಾಡದೆ ಕುಳಿತರೆ ಯಾರೂ "ಯಾಕೆ ಸುಮ್ಮನಿದ್ದೀಯ" ಎನ್ನುವುದಿಲ್ಲ. ಅದನ್ನು ಕೆಡಿಸುವವರು ನಾವೇ. ಯಾರೋ ಅಧಿಕಾರಿ ಬರುತ್ತಾರೆಂದು ರಾತ್ರೋರಾತ್ರಿ ಕಪಾಟುಗಳನ್ನೆಲ್ಲ ತಿರುಗಿಸಿ ಇಡುತ್ತೇವೆ. ಮರುದಿನ ಬಂದ ಮಗು ಬಾಗಿಲಲ್ಲೇ ಅತ್ತರೆ "ಏನಾಯಿತೋ" ಎನ್ನುತ್ತೇವೆ. ಕಪಾಟು ಸರಿಸಲೇಬೇಕಿದ್ದರೆ ಒಂದು ವಾರ ಮೊದಲು ಬಾಗಿಲಿಗೆ ಚಿತ್ರಸಹಿತ ಚೀಟಿ ಅಂಟಿಸಿ, ಪಾಲಕರ ವಾಟ್ಸ್ಆ್ಯಪ್‌ಗೂ ಕಳುಹಿಸಿ. ಧ್ವನಿವರ್ಧಕ ಹಾಕುವ ದಿನಗಳನ್ನೂ ಹಾಗೆಯೇ.

ಕಥೆ ಹೇಳುವ ದಿನ ಪ್ರತಿವಾರ ಅದೇ ಹಾಡಿನಿಂದ ಶುರು ಮಾಡಿ. ಹಾಡು, ಕಥೆ, ಚಿತ್ರ ಬಿಡಿಸುವುದು, ಟಾಟಾ, ಹೀಗೆ ನಾಲ್ಕು ಚಿತ್ರಗಳನ್ನು ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡಿ. ಮುಗಿದದ್ದನ್ನು ಒಂದೊಂದಾಗಿ ತೆಗೆಯಿರಿ. ಇನ್ನೆಷ್ಟು ಹೊತ್ತು ಎಂಬುದು ಕಣ್ಣಿಗೆ ಕಂಡರೆ ಕೂರುವುದು ಸುಲಭ. ಚಪ್ಪಾಳೆಯ ಬದಲು ಕೈ ಬೀಸಲು ಕಲಿಸಿ, ಉಳಿದ ಮಕ್ಕಳಿಗೂ ಅದು ಆಟವೇ. ನಿಮ್ಮ ಮುಖ ನೋಡದೆ, ಓಡಾಡುತ್ತಾ ಕೇಳುವ ಮಗು ಕೇಳುತ್ತಿಲ್ಲ ಎಂದು ತಿಳಿಯಬೇಡಿ. "ಯಾವ ಪುಸ್ತಕ ಬೇಕು?" ಎಂದರೆ ಉತ್ತರ ಬರಲಿಕ್ಕಿಲ್ಲ. ಎರಡು ಪುಸ್ತಕ ಹಿಡಿದು ತೋರಿಸಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮಗೆ ಆ ಹತ್ತು ಎಣಿಸುವಷ್ಟು ತಾಳ್ಮೆ ಇರುವುದಿಲ್ಲ, ಮೂರಕ್ಕೇ ಮತ್ತೆ ಕೇಳಿಬಿಡುತ್ತೇವೆ. ಚಿತ್ರಕಥೆಗಳು ಸಾಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅವಕಾಶವಿದೆ.

ಪ್ರಶ್ನೆ (ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ): ಆಟಿಸಂ ಎಂದ ಕೂಡಲೇ ಎಲ್ಲರೂ ಮಕ್ಕಳ ಬಗ್ಗೆಯೇ ಮಾತನಾಡುತ್ತೀರಿ. ನನಗೆ ಆಟಿಸಂ ಇದೆ ಎಂದು ತಿಳಿದದ್ದೇ ಮೂವತ್ತು ದಾಟಿದ ಮೇಲೆ. ಗ್ರಂಥಾಲಯ ನನಗೆ ಇಷ್ಟ, ಕೌಂಟರ್ ಇಷ್ಟವಿಲ್ಲ. ಪುಸ್ತಕ ಎಲ್ಲಿದೆ ಎಂದು ಕೇಳಲು ಆಗದೆ ಬರಿಗೈಯಲ್ಲಿ ಹಿಂದಿರುಗಿದ್ದೇನೆ.

ಉತ್ತರ: ನಿಮ್ಮ ಆಕ್ಷೇಪ ಸರಿ ಸರ್. ಏಳು ವರ್ಷದ ಹುಡುಗ ಮೂವತ್ತಕ್ಕೆ ಬಂದಾಗ ಆಟಿಸಂ ಹೋಗಿರುವುದಿಲ್ಲ, ನಮ್ಮ ಕಾರ್ಯಕ್ರಮಗಳು ಮಾತ್ರ ಹನ್ನೆರಡಕ್ಕೇ ಮುಗಿದಿರುತ್ತವೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳನ್ನು ನಾವೆಲ್ಲ ಬಾಯಿಪಾಠ ಮಾಡಿಯೇ ಪಾಸಾದವರು. ಪ್ರತಿ ಓದುಗನಿಗೂ ಅವನ ಪುಸ್ತಕ ಎಂಬುದು ಎರಡನೆಯ ಸೂತ್ರ. ಬಾಯಿಬಿಟ್ಟು ಕೇಳಿದವನಿಗೆ ಮಾತ್ರ ಎಂದು ಅವರು ಬರೆದಿಲ್ಲ. ನನ್ನ ಕೌಂಟರಿನಲ್ಲಿ ಚೀಟಿ ಮತ್ತು ಪೆನ್ಸಿಲ್ ಇರುತ್ತವೆ. ಬರೆದು ಕೊಟ್ಟರೆ ಬರೆದೇ ಉತ್ತರ. ವಾಟ್ಸ್ಆ್ಯಪ್‌ನಲ್ಲಿ ಕೇಳಿದರೆ ಪುಸ್ತಕ ತೆಗೆದಿಡುತ್ತೇವೆ. ಯಾವ ಕಪಾಟು ಎಲ್ಲಿದೆ ಎಂದು ಯಾರನ್ನೂ ಕೇಳದೆಯೇ ತಿಳಿಯಲೆಂದು ಬಾಗಿಲಲ್ಲಿ ನಕ್ಷೆ ಹಾಕಿದ್ದೇವೆ. ಅದನ್ನು ಹೆಚ್ಚು ಬಳಸುತ್ತಿರುವವರು ನಿವೃತ್ತ ಮೇಷ್ಟ್ರುಗಳು ಎಂಬುದು ಬೇರೆ ಮಾತು. ನಿಮ್ಮ ಗ್ರಂಥಾಲಯದಲ್ಲಿ ಇವು ಇಲ್ಲದಿದ್ದರೆ ಸಲಹೆ ಪುಸ್ತಕದಲ್ಲಿ ಬರೆಯಿರಿ. ಆಟಿಸಂ ಇದೆ ಎಂದು ಹೇಳಿಕೊಳ್ಳುವ ಅಗತ್ಯವಿಲ್ಲ, ಚೀಟಿ ಯಾರಿಗಾದರೂ ಬೇಕಾಗಬಹುದು.

ಪ್ರಶ್ನೆ (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು): ತಪ್ಪು ತಿಳಿಯಬೇಡಿ ಮೇಡಂ. ನಾವು ರೂಮಿನಲ್ಲಿ ಜಾಗವಿಲ್ಲದೆ ಗ್ರಂಥಾಲಯಕ್ಕೆ ಬರುತ್ತೇವೆ. ಪಕ್ಕದಲ್ಲಿ ಯಾರೋ ಕಿರುಚಿದರೆ ನಮ್ಮ ಗತಿ?

ಉತ್ತರ: ತಪ್ಪು ತಿಳಿಯುವುದಿಲ್ಲ. ನಿಮ್ಮ ಕಷ್ಟವೂ ನಿಜವೇ. ಆದರೆ ಪತ್ರಿಕೆ ವಿಭಾಗದಲ್ಲಿ ಚುನಾವಣೆಯ ಚರ್ಚೆ ಕಾವೇರಿದಾಗ ನೀವು ಎದ್ದು ಹೋಗಿ ಯಾರನ್ನಾದರೂ ಹೊರಗೆ ಕಳುಹಿಸಿದ್ದುಂಟೇ? ಆ ಸದ್ದಿಗೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಕಾನೂನಿನ ಮಾತು ನಿಮಗೆ ಪರೀಕ್ಷೆಗೂ ಉಪಯೋಗ: 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಇವೆ, ಆಟಿಸಂ ಸೇರಿದೆ. ಅಂಗವಿಕಲರಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡುವುದು ಸರ್ಕಾರದ ಹೊಣೆ. ಸಾರ್ವಜನಿಕ ಗ್ರಂಥಾಲಯವೂ ಅದರಿಂದ ಹೊರತಲ್ಲ.

ಮಗು ಕಿರುಚಿದರೆ ಅದು ತಾಳಲಾರದ ಹಂತ ಮುಟ್ಟಿದೆ ಎಂದರ್ಥ. ಆಗ ಸುತ್ತ ನಿಲ್ಲಬೇಡಿ, ಸಮಾಧಾನದ ಮಾತೂ ಬೇಡ, ಮುಟ್ಟಬೇಡಿ. ಹತ್ತಿರದ ದೀಪ ಆರಿಸಿ, ದಾರಿ ಬಿಡಿ. ತಾಯಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ಮೊಬೈಲ್ ಎತ್ತಿ ಚಿತ್ರೀಕರಿಸುವವರನ್ನು ನಾನು ಹೊರಗೆ ಕಳುಹಿಸುತ್ತೇನೆ, ಅದರಲ್ಲಿ ಮುಲಾಜಿಲ್ಲ.

ಪ್ರಶ್ನೆ: ಸದಸ್ಯತ್ವಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ತೋರಿಸಬೇಕೇ?

ಉತ್ತರ: ಬೇಡ. ಎಲ್ಲರಿಗೂ ಇರುವ ಅರ್ಜಿಯೇ ಸಾಕು.

ಪ್ರಶ್ನೆ (ಇಪ್ಪತ್ತೆರಡು ವರ್ಷದ ಯುವತಿಯ ತಂದೆ): ಮಗಳಿಗೆ ಆಟಿಸಂ ಇದೆ, ಪದವಿ ಮುಗಿಸಿದ್ದಾಳೆ. ಮನೆಯ ಪುಸ್ತಕಗಳನ್ನೆಲ್ಲ ತಾನೇ ಜೋಡಿಸಿ ಪಟ್ಟಿ ಮಾಡಿದ್ದಾಳೆ. ಗ್ರಂಥಾಲಯದಲ್ಲಿ ಸ್ವಯಂಸೇವಕಿಯಾಗಿ ಸೇರಿಸಿಕೊಳ್ಳುತ್ತಾರೆಯೇ?

ಉತ್ತರ: ಸೇರಿಸಿಕೊಳ್ಳುತ್ತಾರೆ ಸರ್, ಅದೇ ನನ್ನ ಭಯ. ಬಿಟ್ಟಿ ಕೆಲಸಕ್ಕೆ ಬೇಡ ಎನ್ನುವವರು ಯಾರಿದ್ದಾರೆ? ಎರಡು ಮೂರು ತಿಂಗಳು ಇಷ್ಟವಾಗುತ್ತದೆಯೇ ಎಂದು ನೋಡಲಿ, ಕೆಲಸ ಇಂಥದ್ದು, ಇಂಥ ಹೊತ್ತಿಗೆ ಎಂದು ಬರಹದಲ್ಲಿ ಪಡೆದುಕೊಂಡೇ ಸೇರಲಿ. ಇಷ್ಟವಾದರೆ ಗ್ರಂಥಾಲಯ ವಿಜ್ಞಾನದ ಪದವಿ ಮಾಡಲಿ. 2016ರ ಕಾಯ್ದೆಯಂತೆ ಸರ್ಕಾರಿ ಹುದ್ದೆಗಳಲ್ಲಿ ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇಲ್ಲದವರಿಗೆ ಕನಿಷ್ಠ ಶೇ 4 ಮೀಸಲಾತಿ ಇದೆ, ಅದರಲ್ಲಿ ಶೇ 1ರ ಗುಂಪಿನಲ್ಲಿ ಆಟಿಸಂ ಬರುತ್ತದೆ. ಆ ಗುಂಪಿಗೆ ಗುರುತಿಸಿದ ಹುದ್ದೆ ಯಾವುದೆಂದು ಅಧಿಸೂಚನೆಯಲ್ಲಿ ನೋಡಿಕೊಳ್ಳಿ.

ಪುಸ್ತಕ ಜೋಡಿಸುವ ಕೆಲಸವನ್ನೇ ಕೊಡಿ ಎಂದು ನೀವಾಗಿ ಕೇಳಬೇಡಿ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಆಟಿಸಂ ಎಂದ ಕೂಡಲೇ ಹಿಂದಿನ ಕೋಣೆ ತೋರಿಸುತ್ತಾರೆ. ಅವಳಿಗೆ ಕೌಂಟರ್ ಇಷ್ಟವೋ ಏನೋ, ಮೊದಲು ಅವಳನ್ನೇ ಕೇಳಿ. ಸಂದರ್ಶನಕ್ಕೆ ಕರೆದರೆ ಪ್ರಶ್ನೆಗಳನ್ನು ಮುಂಚಿತವಾಗಿ ಬರಹದಲ್ಲಿ ಕೊಡಿ ಎಂದು ಅರ್ಜಿಯ ಜೊತೆಗೇ ಒಂದು ಪತ್ರ ಲಗತ್ತಿಸಿ.